ಸದ್ದು ಕಿತ್ತ ಮೇಲೆ

ಗ್ಯುಮ್ರಿಯಲ್ಲಿ ಜನವರಿ. ಅಂಗಡಿಯ ಗಾಜಿಗೆ ಒಳಗಿನಿಂದಲೂ ಹಿಮ.
ಶುಶಾನಿಕ್ ಬಂದಳು, ಕೋಟಿನೊಳಗೆ ಕೋಳಿಮರಿಯ ಹಾಗೆ
ಬೆಚ್ಚಗಿಟ್ಟುಕೊಂಡಿದ್ದ ಲ್ಯಾಪ್‌ಟಾಪ್ ತೆಗೆದು ಮೇಜಿನ ಮೇಲಿಟ್ಟಳು.
ಹತ್ತು ಇಂಚಿನದು. ಕೀಲು ಮುರಿದಲ್ಲಿ ತಂತಿ ಸುತ್ತಿದ್ದಾಳೆ.
ಒಂದು ಕೀ ಇಲ್ಲ, ಆ ಜಾಗದಲ್ಲಿ ಅಂಟಿಸಿದ ಅಂಗಿಯ ಗುಂಡಿ.

ಗೊತ್ತು ನನಗೆ ಈ ಜಾತಿ.
ಒಳಗೆ ಕೂತಿರುವುದು ಮಿತಾಹಾರಿ ಪ್ರೊಸೆಸರ್,
ಹಳೇ ಬಲ್ಬಿನ ಕಾಲುಭಾಗದಷ್ಟೂ ಕರೆಂಟು ಕುಡಿಯದು.
ಪತ್ರ ಬರೆ, ಲೆಕ್ಕ ಬರೆ,
ಬ್ಯಾಟರಿ ಸಂಜೆತನಕ ಬಾಳುತ್ತದೆ.
ಉಪವಾಸದವನ ಹೆಗಲಿಗೆ ಪಿಯಾನೋ ಏರಿಸಬಾರದು, ಅಷ್ಟೇ.

ಪಿಯಾನೋ ಬಂದದ್ದು ಮಾರ್ಸೇಯಿಂದ, ಉಗುರಿನಗಲದ ಕಾರ್ಡಿನಲ್ಲಿ.
ತಂಗಿ ಅರ್ಪಿಕ್ ಹೊಸ ಫೋನಿನಲ್ಲಿ ತೆಗೆಸಿಕೊಂಡ ವಿಡಿಯೋ:
ಸೆಕೆಂಡಿಗೆ ಅರವತ್ತು ಚಿತ್ರ, ಒಂದೊಂದೂ ಗೋಡೆಯಗಲ,
ನಾಲ್ಕು ನಿಮಿಷ ಹನ್ನೊಂದು ಸೆಕೆಂಡು.

ಹಚ್ಚಿದೆ. ಫ್ಯಾನು ಕೂಗಿತು.
ಅರ್ಪಿಕ್ ಕೈ ಎತ್ತಿದಳು
ನಿಂತಳು
ಕೈ ಎದೆಯ ಮೇಲೆ
ನಿಂತಳು
ಕೈ ಮಡಿಲಲ್ಲಿ. ನಡುವಿನದೆಲ್ಲ ಎಲ್ಲಿ?
ಹಿಂದೆ ನಲ್ಲಿ ಸುರಿಯುವ ಸದ್ದು, ಯಾರೋ ತಟ್ಟೆ ಇಟ್ಟದ್ದು,
ಒಂದು ಮಗು ಅತ್ತದ್ದು ಮಾತ್ರ ಎಲ್ಲೂ ತಡವರಿಸಲಿಲ್ಲ.
ಧ್ವನಿ ಚೆನ್ನಾಗಿದೆ, ಎಂದೆ, ಸಮಾಧಾನಕ್ಕೆ.

ಶುಶಾನಿಕ್ ನನ್ನ ತುಟಿ ಓದಿದಳು.
ತನ್ನ ಕಿವಿ ತೋರಿಸಿ ನಕ್ಕಳು.
ಇಪ್ಪತ್ತು ವರ್ಷದ ಗಿರಾಕಿ. ಮರೆತೇಬಿಟ್ಟಿದ್ದೆ.

ರಸೀದಿಯ ಬೆನ್ನಿಗೆ ಬರೆದಳು:
ಮಗುವಿಗೆ ಹೆಸರಿಟ್ಟಿದ್ದಾರೆ. ಕಾಗದದ ಹೆಸರು ಲುಸಿನೆ, ಅದು ಗೊತ್ತು.
ಕೈಯ ಹೆಸರು ಇದರಲ್ಲಿದೆ. ಹನ್ನೆರಡು ಸಲ ನೋಡಿದೆ.
ಕೈ ಕೆನ್ನೆಯ ಹತ್ತಿರ ಹೋಗುತ್ತದೆ, ಆಮೇಲೆ ಗಲ್ಲದ ಕೆಳಗಿರುತ್ತದೆ.
ನಡುವೆ ನಮ್ಮ ಮಗು ಬಿದ್ದುಹೋಗುತ್ತಿದೆ.

ಅಂಗಡಿಯ ದೊಡ್ಡ ಯಂತ್ರ ಕೆಟ್ಟು ವಾರವಾಗಿತ್ತು;
ರಿಪೇರಿಯವನ ಮನೆಯಲ್ಲಿ ರಿಪೇರಿಗೆ ಕೊನೆಯ ಸರದಿ.
ಇದರ ಹೊಟ್ಟೆ ಬಿಚ್ಚಿ ಧೂಳು ಊದಿದೆ,
ಒಣಗಿದ ಪೇಸ್ಟ್ ಕೆರೆದು ಹೊಸದು ಸವರಿದೆ,
ತೆರೆದಿದ್ದ ಕಿಟಕಿಗಳನ್ನೆಲ್ಲ ಮುಚ್ಚಿದೆ, ಬೇರೆ ಪ್ಲೇಯರ್ ಹಾಕಿದೆ.
ಎತ್ತು ಏರಿಗೆ, ಕೋಣ ನೀರಿಗೆ:
ಸದ್ದು ತನ್ನ ಪಾಡಿಗೆ ಮುಂದೆ, ಚಿತ್ರ ಏದುಸಿರಿನಲ್ಲಿ ಹಿಂದೆ.

ಆಗ ಹೊಳೆಯಿತು, ತಡವಾಗಿ.
ಬಡಪಾಯಿ ಎಸೆಯುತ್ತಿರುವುದು ಸೋಮಾರಿತನಕ್ಕಲ್ಲ.
ಗಡಿಯಾರ ಇರುವುದು ಸದ್ದಿನ ಕೈಯಲ್ಲಿ;
ಅದರ ಹೆಜ್ಜೆಗೆ ಹೆಜ್ಜೆ ಕೂಡಿಸಲು
ಇದು ಹೊತ್ತ ಚಿತ್ರಗಳನ್ನು ದಾರಿಯುದ್ದ ಚೆಲ್ಲುತ್ತ ಓಡುತ್ತಿದೆ.
ಕೇಳುವವರೇ ಇಲ್ಲದ ಮನೆಯಲ್ಲಿ
ಕಣ್ಣಿನದನ್ನು ಕದ್ದು ಕಿವಿಗೆ ಕಪ್ಪ ಕಟ್ಟುತ್ತಿದೆ.

ಸದ್ದು ಕಿತ್ತೆ. ಸಣ್ಣದು ಮಾಡಿದ್ದಲ್ಲ, ಬೇರುಸಹಿತ.
ಒಂದು ಚಿತ್ರವನ್ನೂ ಬಿಡಬೇಡ ಎಂಬ ಸಾಲಿಗೆ ಗುರುತು ಹಾಕಿದೆ.

ಈಗ ಅದಕ್ಕೆ ಯಾರ ಅವಸರವೂ ಇಲ್ಲ.
ನಾಲ್ಕು ನಿಮಿಷದ್ದು ಹದಿನಾರು ನಿಮಿಷ ನಡೆಯಿತು.
ಅರ್ಪಿಕ್ ಕೈ ಎತ್ತಿದಳು, ಎತ್ತುತ್ತಲೇ ಇದ್ದಳು,
ಹಿಟ್ಟು ನಾದುವವಳ ನಿಧಾನದಲ್ಲಿ
ಬೆರಳು ಕೆನ್ನೆಯಿಂದ ಜಾರಿ ಕಿವಿಗೆ ಬಂದು
ಹಾಲೆಯನ್ನು ಎರಡು ಸಲ ಚಿವುಟಿ, ಆಮೇಲೆ ಗಲ್ಲಕ್ಕಿಳಿಯಿತು.
ಕಿವಿಯ ಹಾಲೆ! ಮಚ್ಚೆಯೋ ಏನೋ ಇರಬೇಕು ಅಲ್ಲಿ ಕೂಸಿಗೆ.
ಶುಶಾನಿಕ್ ತನ್ನ ಹಾಲೆ ಚಿವುಟಿದಳು.
ಇನ್ನೊಮ್ಮೆ.
ಸ್ಟೂಲಿನಿಂದೆದ್ದು, ನಿಂತು, ಇನ್ನೊಮ್ಮೆ.

ಪುಕ್ಕಟೆ ಮಾಡಿಕೊಟ್ಟೆನೆಂಬ ಜಂಬವಿಲ್ಲ;
ಪೇಸ್ಟಿನ ಐನೂರು ದ್ರಾಮ್ ಎಣಿಸಿಕೊಂಡೆ.
ಬಾಗಿಲ ಹತ್ತಿರ ಹೋದವಳು ತಿರುಗಿ ಬಂದು ಬರೆದಳು:
ನೀನು ಕಿತ್ತದ್ದರಲ್ಲಿ ಏನಿತ್ತು?

ನಲ್ಲಿ, ಎಂದು ಬರೆದೆ. ತಟ್ಟೆ.
ಪೆನ್ನಿನ ಶಾಯಿ ಚಳಿಗೆ ಕಟ್ಟಿತ್ತು, ಉಸಿರೂದಿದೆ.
ಮಗುವಿನ ಅಳು.

ಬಹಳ ಹೊತ್ತು ಓದಿದಳು ಆ ಎರಡು ಪದ.
ಎಷ್ಟು ಅತ್ತಿತು, ಎಂದು ಹುಬ್ಬಿನಲ್ಲೇ ಕೇಳಿದಳು.

ಸೆಕೆಂಡುಗಳನ್ನು ಎಣಿಸಿರಲಿಲ್ಲ ನಾನು.
ಸಿಕ್ಕ ಮೀನಿನ ಉದ್ದ ಹೇಳುವವನ ಹಾಗೆ
ಎರಡೂ ಕೈ ಅಗಲಿಸಿ ತೋರಿಸಿದೆ:
ಇಷ್ಟು.