ತುದಿ

ಹೊಸ ಮ್ಯಾನೇಜರು ಬಂದ ಮೊದಲ ದಿನವೇ
ಗಾಜಿನ ಬಾಗಿಲ ಪಕ್ಕದ ಗಿಡ ತೋರಿಸಿ
‘ಇದನ್ನ ಬಿಸಾಕಮ್ಮ’ ಅಂದರು.
ಎರಡೇ ಎಲೆ ಹಸಿರು, ಮಿಕ್ಕವು
ಹಳೇ ಪಾಸ್‌ಬುಕ್ಕಿನ ಬಣ್ಣ.
ಬ್ಯಾಂಕಲ್ಲಿ ಯಾರಿಗೂ ಅದರ ಹೆಸರು ಗೊತ್ತಿರಲಿಲ್ಲ.
ದಿನಾ ನೀರು ಹಾಕಿದವಳು ನಾನು,
ಹಾಕಿದ ನೀರು ಹಾಕಿದಂಗೇ
ತಟ್ಟೆಗಿಳಿದು ನೆಲಕ್ಕೆ ಹರಿಯೋದು;
ಒರೆಸಿದವಳೂ ನಾನೇ.

ಶಿಡ್ಲಘಟ್ಟದ ಬಿಸಿಲಲ್ಲಿ ಸೊಂಟಕ್ಕೇರಿಸಿಕೊಂಡು
ಗೂಡಿನ ಮಾರ್ಕೆಟ್ಟು ದಾಟುವಾಗ
ಸೊಪ್ಪಿನ ಗಂಗುಲಪ್ಪ ಕೂಗಿದ:
‘ಏನಕ್ಕ, ಈ ಸಲ ಬಡ್ಡಿ ಇದೇನಾ ಕೊಟ್ಟಿದ್ದು?’

ಕುಂಡ ಮಗುಚಿ ತಳಕ್ಕೆ ತಟ್ಟಿದೆ. ಬರಲಿಲ್ಲ.
ಅಂಚಿಗೆ ಚಾಕು ಆಡಿಸಿ ಮತ್ತೆ ತಟ್ಟಿದೆ,
ಬಂತು, ಇಡಿಯಾಗಿ, ಕುಂಡದ ಆಕಾರವನ್ನೇ ಹೊತ್ತು.
ಮಣ್ಣು ಒಂದು ಹಿಡಿಯೂ ಇಲ್ಲ, ಬರೀ ಬೇರು,
ದಾರಿ ಸಿಗದೆ ಸುತ್ತಿ, ಮತ್ತೆ ಸುತ್ತಿ
ತನ್ನನ್ನೇ ಸುತ್ತಿಕೊಂಡ ಬೇರು.
ಗೂಡು!

ಅಜ್ಮತ್ ಸಾಬರ ಬಿಚ್ಚಾಣಿಕೆಯಲ್ಲಿ
ಇಪ್ಪತ್ತೆರಡು ವರ್ಷ
ಕುದಿವ ಬಾಣಲೆಗೆ ಬೆರಳಿಟ್ಟವಳು ನಾನು.
ಈ ಬೆರಳಲ್ಲಿ ಈಗ ಗೆರೆಗಳಿಲ್ಲ;
ಆಧಾರಿನ ಮಿಷನ್ನು ಮೂರು ಸಲ ‘ಮತ್ತೆ ಇಡಿ’ ಅಂದು
ಸೋತು ಸುಮ್ಮನಾಯಿತು.
ತುದಿ ಹುಡುಕೋದು ಮಾತ್ರ ಮರೆತಿಲ್ಲ.
ಅದೊಂದು ಸಿಕ್ಕರೆ
ಮಿಕ್ಕಿದ್ದು ತಾನೇ ಬರುತ್ತೆ.

ಬಕೆಟ್ಟಲ್ಲಿ ನೆನೆಸಿ ಕೈ ಇಳಿಸಿದರೆ
ತಣ್ಣೀರು! ಬೆರಳಿಗೇ ಆಶ್ಚರ್ಯ.
ಕರ್ರಗೆ ಕೊಳೆತದ್ದನ್ನ ಚಿವುಟಿದೆ,
ಬಿಳೀದನ್ನ ಎಳೆ ಎಳೆಯಾಗಿ ಬಿಡಿಸಿದೆ,
ರಾಟೆಯ ಅವಸರವಿಲ್ಲ,
ಸಂಜೆ ತೂಕ ನೋಡುವವರಿಲ್ಲ.
ಅಲ್ಲಿ ಎಳೆ ಮುಗಿದರೆ
ಒಳಗೊಂದು ಹುಳ ಬೆಂದು ಮಲಗಿರುತ್ತಿತ್ತು.
ದಿನಕ್ಕೆಷ್ಟು ಸಾವಿರವೋ, ಎಣಿಸಿದವಳಲ್ಲ.
ಇಲ್ಲಿ ಬಿಚ್ಚಿ ಬಿಚ್ಚಿ ನಡುವೆ ಸಿಕ್ಕಿದ್ದು
ನರ್ಸರಿಯವರು ತೆಗೆಯದೆ ಬಿಟ್ಟ
ಬೆರಳುದ್ದದ ಪ್ಲಾಸ್ಟಿಕ್ ಬುಟ್ಟಿ,
ಬುಡದ ಕತ್ತು ಹಿಸುಕಿಕೊಂಡು.
ಕತ್ತರಿ ಮೊಂಡು. ಆದರೂ ಬಂತು.

ಪಕ್ಕದ ಮನೆ ಶಾಕಿರಾ ಖಾಲಿ ಬಣ್ಣದ ಡಬ್ಬ ಕೊಟ್ಟಳು,
ಮೊಳೆ ಕಾಯಿಸಿ ತಳಕ್ಕೆ ತೂತು ಹಾಕಿದೆ.
ಕೆಮ್ಮಣ್ಣು, ಅಷ್ಟು ಮರಳು,
ಹುಳುಮನೆಯ ಒಣ ಹಿಕ್ಕೆ ಎರಡು ಹಿಡಿ:
ಹಿಪ್ಪುನೇರಳೆ ತಿಂದು
ಆ ಹುಳಗಳೇ ಬಿಟ್ಟುಹೋದದ್ದು.
ಮನೆಯಲ್ಲಿತ್ತು, ಹಾಕಿದೆ.

ನಾಲ್ಕು ದಿನ ತಲೆ ಎತ್ತಲಿಲ್ಲ.
ಉಳಿದೆರಡು ಎಲೆಯಲ್ಲಿ ಒಂದು ಬಿತ್ತು.
‘ಬಿಡಕ್ಕ, ಡಬ್ಬ ವಾಪಸ್ ಕೊಡು’ ಅಂದಳು ಶಾಕಿರಾ.
ಹನ್ನೊಂದನೇ ಬೆಳಿಗ್ಗೆ ಒಲೆ ಮೇಲೆ ಹಾಲಿಟ್ಟು
ಕಿಟಕಿಯ ಕಡೆ ನೋಡಿದರೆ
ಬುಡದಲ್ಲಿ ಸೂಜಿಯಂಥದೊಂದು,
ಬಿಗಿಯಾಗಿ ಸುತ್ತಿಕೊಂಡ ಎಲೆ.
ಕೈ ತಾನಾಗೇ ಹೋಯಿತು ಬಿಡಿಸಲು,
ತುದಿಯ ತನಕ ಹೋಯಿತು.
ಹಿಂದಕ್ಕೆ ತಗೊಂಡೆ.

ಅಷ್ಟರಲ್ಲಿ ಹಾಲು ಉಕ್ಕಿತ್ತು.