ಪಾಪ

ಬಲ್ಲಾರ್ಡ್ ಎಸ್ಟೇಟಿನ ಮೂರನೇ ಮಾಳಿಗೆ.
ಕೆಳಗೆ ಬಂದರಿನ ಸೈರನ್ನು, ಮೇಲೆ ಫ್ಯಾನು,
ನಡುವೆ ನಾನು, ವಾರಿಜಾ ಸಾಲ್ಯಾನ್,
ಟೆಲೆಕ್ಸ್ ಆಪರೇಟರು.
ಕಂಪನಿ ಜರ್ಮನಿಯದು. ಮಾರುತ್ತಿದ್ದದ್ದು ಬಣ್ಣ:
ಪರೇಲಿನ ಗಿರಣಿಗಳ ಸೀರೆಗೆ, ಲುಂಗಿಗೆ
ನೀಲಿ, ನೇರಳೆ, ಗಿಳಿಹಸಿರು.
ಕೆಂಪು ಮಾತ್ರ ಆ ವರ್ಷ ತಡವಾಯಿತು.

ಎಪ್ಪತ್ತೇಳು. ನಮ್ಮಲ್ಲಿ ಮಾರ್ಚಿಗೇ ಬೀಗ ತೆಗೆದಿದ್ದರು.
ನಾಸಿಕದ ಜೈಲಿನಿಂದ ಅಣ್ಣ ಬಂದ,
ಹದಿನಾರು ತಿಂಗಳು, ಎರಡು ಹಲ್ಲು ಕಡಿಮೆ.
ರಾತ್ರಿಶಾಲೆಯ ಸೈಕ್ಲೋಸ್ಟೈಲಿನಲ್ಲಿ ಏನೋ ಅಚ್ಚು ಹಾಕಿದ್ದನಂತೆ.
ತಲೆಮರೆಸಿಕೊಂಡಿದ್ದಾಗ ಎರಡು ದಿನ ಮೀನುಸಾರು ಕೊಟ್ಟದ್ದಕ್ಕೆ
ಚಾಳಿನ ಕುಸುಮಾತಾಯಿಯನ್ನೂ ಠಾಣೆಗೆ ಕರೆದು ಕೇಳಿದ್ದರು:
ಇವನು ನಿನಗೆ ಏನಾಗಬೇಕು?
ಹಸಿದಿದ್ದ, ಅಂದಳಂತೆ.
ಬರೆದುಕೊಂಡರಂತೆ.

ಅಲ್ಲಿ, ಆಗ ಶುರುವಾಗಿತ್ತು.
ದೊಡ್ಡ ಸಾಹುಕಾರನೊಬ್ಬನನ್ನು ಕಾರಿನಿಂದೆಳೆದು ಒಯ್ದರು,
ಜೊತೆಗಿದ್ದ ನಾಲ್ವರನ್ನು ಬೀದಿಯಲ್ಲೇ ಕೆಡವಿ.
ಪೋಸ್ಟಾಫೀಸಿನ ಗೋಡೆಗೆ ಮುಖಗಳ ಸಾಲು,
ಸಿಕ್ಕವರ ಮೇಲೆ ಪೆನ್ನಿನ ಗೀಟು.
ಪುಸ್ತಕದಂಗಡಿಗೆ ಪೊಲೀಸರು, ನಾಟಕದವರಿಗೆ ಬೈಗುಳ,
ಪಾಠದ ನಡುವೆ ಏನೋ ಅಂದ ಮೇಷ್ಟರಿಗೆ ನೋಟೀಸು.
ಇದನ್ನೆಲ್ಲ ಹೇಳಿದವರು ನಮ್ಮ ಏಗರ್ಟ್ ಸಾಹೇಬರು,
ತಣ್ಣಗಾದ ಚಹಾದ ಮೇಲಿನ ಕೆನೆ ಸರಿಸುತ್ತ.
ಮಗಳು ಜಿಲ್ಕೆ ಟೀಚರು. ಹೆಸರು ಗೊತ್ತಿಲ್ಲದ ಯಾರಿಗೋ
ಒಂದು ರಾತ್ರಿ ಹಾಸಿಗೆ ಕೊಟ್ಟಿದ್ದಳು.
ಅಂಥವರಿಗೆ ಅಲ್ಲೊಂದು ಪದ: ಸಿಂಪಾಟಿಸಾಂಟ್.
ಡಿಕ್ಷನರಿ ತೆರೆದು ನೋಡಿದೆ. ಮರುಕದ ಬೇರಿನದೇ ಪದ.

ಫೋನಿಗೆ ಕಿವಿ ಇತ್ತು. ಟೆಲೆಕ್ಸಿಗೆ ಬರೀ ಲೆಕ್ಕ.
ಹೆಡ್ಡಾಫೀಸಿನಲ್ಲಿ ಯಾರೋ ಒಬ್ಬಳು, ನಾನು ಕಾಣದವಳು,
ಡ್ರಮ್ಮುಗಳ ಎಣಿಕೆಯ ಕೆಳಗೆ ಸೇರಿಸುತ್ತಿದ್ದಳು:
ಎಸ್ ಗೆಜುಂಟ್. ಎಸ್ ಸೌಖ್ಯ.
ಉತ್ತರದ ಇನ್ವಾಯ್ಸ್ ನಂಬರಿಗೆ
ನಾನೊಂದು ಸೊನ್ನೆ ಹೆಚ್ಚಿಗೆ ಹೊಡೆಯುತ್ತಿದ್ದೆ.
ತಿಳಿಯಿತು, ಅಂತ.
ಹಾಗೆ ನನಗೂ ಆ ಪದ ಅಂಟಿತು. ಕೇಳಿದವರಿಲ್ಲ.

ಅಕ್ಟೋಬರಿನಲ್ಲಿ ವಿಮಾನ. ನವರಾತ್ರಿ ಶುರುವಾದ ದಿನವೇ.
ದುಬೈ, ಏಡನ್, ನಮ್ಮದೇ ಸಮುದ್ರದ ಆಚೆ ದಡ,
ದುಬೈಯಲ್ಲಿ ನನ್ನ ಭಾವ ಸಿಮೆಂಟು ಕಲೆಸುತ್ತಿದ್ದ ಕಾಲ.
ಐದು ದಿನ ಪ್ರಯಾಣಿಕರು ಆ ಸೆಕೆಯಲ್ಲಿ.
ಆರನೆಯ ಬೆಳಗ್ಗೆ ಯಂತ್ರ ಎಲ್ಲವನ್ನೂ ಒಟ್ಟಿಗೆ ಉಗುಳಿತು:
ಜನ ಬದುಕಿದ್ದಾರೆ, ಪೈಲಟ್ ಇಲ್ಲ,
ಜೈಲಿನ ಕೋಣೆಗಳಲ್ಲಿ ಮೂವರು ಸತ್ತಿದ್ದಾರೆ.
ಸತ್ತವರಿಗೆ ಮಣ್ಣು ಕೊಡಬೇಕೋ ಬೇಡವೋ
ಎಂದು ಆ ಊರಲ್ಲಿ ಜಗಳ.

ಪಾಪ, ಅಂದೆ. ಬಾಯಿಂದ ಬಂದುಬಿಟ್ಟಿತು.
ಏನಂದಿರಿ, ಅಂದರು ಸಾಹೇಬರು.
ಯಾರಿಗೆ ಅಂದದ್ದು? ಪೈಲಟ್‌ಗೋ? ಅವರಿಗೋ?
ನನಗೂ ತಿಳಿಯದು.
ನಮ್ಮಲ್ಲಿ ಅದು ಒಂದೇ ಪದ, ಅಂದೆ.
ಒಬ್ಬ ಮಾಡಿದ್ದೂ ಪಾಪ,
ಅವನನ್ನು ನೋಡಿ ಇನ್ನೊಬ್ಬಳು ಅನ್ನುವುದೂ ಪಾಪ.
ತೊಟ್ಟಿಲಲ್ಲಿ ಹೆಬ್ಬೆರಳು ಚೀಪುವುದಕ್ಕೂ ಅದೇ ಹೆಸರು.
ಬ್ಲಾಟಿಂಗ್ ಕಾಗದದ ಮೇಲೆ ಅವರ ಲಿಪಿಯಲ್ಲಿ ಬರೆದುಕೊಂಡರು.
ಇಂಥ ಭಾಷೆಯಲ್ಲಿ ವಾರಂಟು ಬರೆಯುವುದು ಹೇಗೆ?
ಬರೆಯುತ್ತಾರೆ ಸಾರ್, ಅಂದೆ. ಕಷ್ಟವೇನಿಲ್ಲ.

ಡಿಸೆಂಬರಿನಲ್ಲಿ ಕೆಂಪು ಬಂತು, ನಲವತ್ತು ಡ್ರಮ್ಮು.
ಎಣಿಕೆಯ ಕೆಳಗೆ ಏನೂ ಇರಲಿಲ್ಲ.
ಮರುದಿನವೂ.
ಸೊನ್ನೆ ಹೊಡೆಯಲೋ ಬೇಡವೋ ಎಂದು
ಬೆರಳು ಎತ್ತಿಕೊಂಡೇ ಕೂತಿದ್ದೆ.
ಫೆಬ್ರವರಿಗೆ ಸಾಹೇಬರು ಹೊರಟುಹೋದರು, ಕೊಡೆ ಮರೆತು.

ಪಟ್ಟಿಗೆ ತೂತು ಬಿದ್ದರೇ ಮಾತು ಹೋಗುವುದು.
ತೂತಿನಿಂದ ಉದುರಿದ ಹಳದಿ ಚುಕ್ಕಿಗಳನ್ನು
ದಿನಾ ಸಂಜೆ ಟ್ರೇಯಿಂದ ಕೊಡವಿ
ಬೋರ್ನ್‌ವೀಟಾ ಡಬ್ಬಿಗೆ ತುಂಬಿದ್ದೆ, ಯಾಕೋ.
ಅಣ್ಣನ ಮಗಳ ಆಟಕ್ಕೆ, ಅಂದುಕೊಂಡಿದ್ದೆ.
ಈಗಲೂ ಇದೆ, ಅಟ್ಟದ ಮೇಲೆ.
ಅಲುಗಿಸಿದರೆ ಸದ್ದಾಗುವುದಿಲ್ಲ.