ಗೋಡೆ ಸೊಟ್ಟಗಾದ ಕಡೆ

ಹೊಲದ ಕಲ್ಲೇ ಸಾಕು ಎಂದೆ ನಾನು.
ನೇಗಿಲ ಕುಳ ಮುರಿಯುವ ಕಲ್ಲು,
ಎತ್ತಿನ ಗೊರಸು ಸೀಳುವ ಕಲ್ಲು,
ಅಪ್ಪ ಶಪಿಸುತ್ತ ಬದುವಿಗೆ ಎಸೆದ ಕಲ್ಲು.
ಸುಣ್ಣ ಬೇಡ, ಸಿಮೆಂಟು ಬೇಡ,
ಕಲ್ಲಿನ ಮೇಲೆ ಕಲ್ಲು ಸರಿಯಾಗಿ ಕೂತರೆ ಗೋಡೆ.
ಅಬ್ಬಾ ವೊಲ್ದೆಕಿದಾನ್ ತಲೆಯಾಡಿಸಿದರು:
"ಎಂದ್ರಿಸ್, ದನ ಒಳಗೆ ಬರಬಾರದು. ಅಷ್ಟೇ."

ವೊಲ್ಲೋದ ಈ ಗುಡ್ಡಗಳಲ್ಲಿ ಕಾಡು ಅಂತ ಉಳಿದದ್ದು
ಇಗರ್ಜಿಯ ಸುತ್ತ ಮಾತ್ರ.
ಮಿಕ್ಕದ್ದೆಲ್ಲ ತೆಫ್, ಜೋಳ, ನೀಲಗಿರಿಯ ಸಾಲು.
ಮರಗಳು ದೇವರ ಮನೆಯ ಬಟ್ಟೆ, ಅನ್ನುತ್ತಾರೆ ಅಬ್ಬಾ;
ಬಟ್ಟೆ ಕಳಚಿದ ಮನೆಗೆ ಯಾವ ದೇವದೂತ ಬಂದಾನು?
ಹಬ್ಬದ ಹಿಂದಿನ ದಿನ ಹೆಂಡ ಕಾಯಿಸಲು
ಆ ಬಟ್ಟೆಯ ಒಂದು ತೋಳು
ಒಲೆಗೆ ಹೋಗುವುದನ್ನು ನಾನೂ ಕಂಡಿದ್ದೇನೆ.
ಹೇಳಲಿಲ್ಲ. ಕೂಲಿ ಕೊಡುವವರು.

ನಮ್ಮ ಶೇಕರದು ಬೇರೆ ಮಾತು.
ಹೊಳೆಯ ನಡುವೆ ನಿಂತಿದ್ದರೂ
ವುಜೂಗೆ ಬೇಕಾದಷ್ಟೇ ನೀರು ಮುಟ್ಟು;
ಭೂಮಿ ನಿನ್ನದಲ್ಲ, ಕೈಗೆ ಕೊಟ್ಟದ್ದು,
ಕೊಟ್ಟವನು ಲೆಕ್ಕ ಕೇಳುತ್ತಾನೆ.
ಮಧ್ಯಾಹ್ನ ಅದನ್ನು ನೆನೆದು
ಕೊಡ ಬಗ್ಗಿಸಿ ಕೆಲವೇ ಬೊಗಸೆಯಲ್ಲಿ ಮುಗಿಸಿ
ಕಾಡಂಚಿನ ಆಲಿವ್ ನೆರಳಲ್ಲಿ ನಮಾಜಿಗೆ ನಿಂತೆ.
ಒಳಗೆ ಡೋಲು, ಮೇಲೆ ಮಂಗಟ್ಟೆ ಹಕ್ಕಿಯ ಜಗಳ.
ಎದ್ದಾಗ ಹಣೆಗೆ ಅಂಟಿದ್ದ ಎಲೆಯನ್ನು
ದಾರಿಯಲ್ಲಿ ಬಂದ ಅಬ್ಬಾ ತಾವೇ ಬಿಡಿಸಿದರು.

ಹತ್ತೊಂಬತ್ತನೆಯ ದಿನ ಗೋಡೆ ಪೂರ್ವಕ್ಕೆ ತಿರುಗಿತು.
ಹಗ್ಗ ಎಳೆದಿದ್ದೆ, ಗೂಟ ನೆಟ್ಟಿದ್ದೆ.
ಹಗ್ಗದಾಚೆ ಹನ್ನೊಂದು ಹೆಜ್ಜೆಗೆ ವಾರ್ಕಾ ಮರ.
ಅಜ್ಜಿ ಲುಬಾಬಳ ಮರ.
ಬೆಣ್ಣೆ ಸವರಿ ಸವರಿ
ಸೊಂಟದೆತ್ತರದ ತನಕ ತೊಗಟೆ ಕಪ್ಪಗೆ ಹೊಳೆಯುತ್ತದೆ.
ಬುಡದಲ್ಲಿ ಕಾಫಿಯ ಚರಟ, ಹುರಿದ ಬಾರ್ಲಿ.
ಐದು ಹೊತ್ತು ತಪ್ಪಿಸಿದವಳಲ್ಲ ಅಜ್ಜಿ;
ಮಳೆ ತಡವಾದರೆ ಮಾತ್ರ ಮೊದಲು ಮರಕ್ಕೆ ಹೇಳುತ್ತಾಳೆ.
"ಅಲ್ಲಾಹನಿಗೆ ಎಷ್ಟೊಂದು ಕೆಲಸ.
ಇದು ನೆರೆಮನೆಯ ಮುದುಕಿ, ಬಿಡುವಿದೆ."

ಶೇಕರು ಅದನ್ನು ಶಿರ್ಕ್ ಅಂದರು.
ಅಬ್ಬಾ ಅದನ್ನು ಸೈತಾನನ ಜಗಲಿ ಅಂದರು.
ಇಬ್ಬರೂ ಒಪ್ಪಿದ ಮಾತು ಊರಲ್ಲಿ ಅದೊಂದೇ.
ಹೊಲ ಚಿಕ್ಕಪ್ಪನದು. ಗರಗಸದವನ ಹತ್ತಿರ
ಆಗಲೇ ದರ ಕೇಳಿ ಬಂದಿದ್ದ.

ಆ ರಾತ್ರಿ ನಿದ್ದೆ ಬರಲಿಲ್ಲ ಅಂತೇನಿಲ್ಲ, ಬಂತು.
ಬೆಳಿಗ್ಗೆ ಎದ್ದು ಗೂಟ ಕಿತ್ತೆ.
ಗೋಡೆಗೆ ಹೊಟ್ಟೆ ಬಂತು
ಬಸುರಿಯ ಹಾಗೆ, ಹನ್ನೆರಡು ಹೆಜ್ಜೆ ಮುಂದಕ್ಕೆ.
ಚಿಕ್ಕಪ್ಪ ಬೈದ. ನನ್ನ ಕೂಲಿಯಿಂದ
ಮೂರು ಚೀಲ ತೆಫ್ ಅವನ ಕಣಜಕ್ಕೆ ಹೋಯಿತು.

ಅಬ್ಬಾ ಬಂದರು, ಕೋಲೂರಿಕೊಂಡು.
ಗೋಡೆ ನೋಡಿದರು, ಮರ ನೋಡಿದರು,
ಬೆಣ್ಣೆಯನ್ನೂ ನೋಡಿದರು.
"ಇಲ್ಲಿ ಸೊಟ್ಟಗಾಗಿದೆ."
"ನೆಲ ಜಾರುತ್ತಿತ್ತು, ಅಬ್ಬಾ."
ತುಂಬ ಹೊತ್ತು ಸುಮ್ಮನಿದ್ದರು.
ಆಮೇಲೆ ಬಾಗಿ ಒಂದು ಚಕ್ಕೆ ಎತ್ತಿ
ಅಲುಗುತ್ತಿದ್ದ ಕಲ್ಲಿನ ಅಡಿಗೆ ಸಿಕ್ಕಿಸಿ
ಅಂಗೈ ಒರೆಸಿಕೊಂಡು ಹೋದರು.

ಶೇಕರು ಈ ದಾರಿಯಲ್ಲಿ ಬರುವುದಿಲ್ಲ ಈಗ.
ಬಂದರೆ ನೋಡಬೇಕಾಗುತ್ತದಲ್ಲ.

ಸಿಟ್ಟು ಬಂದದ್ದು ಅಜ್ಜಿಗೆ.
"ಈ ಮೊಣಕಾಲಲ್ಲಿ ನಿನ್ನ ಗೋಡೆ ಹತ್ತಲೇನೋ?"
ಹೊರಗೆರಡು, ಒಳಗೆರಡು ಚಪ್ಪಡಿ ಚಾಚಿ
ಮೆಟ್ಟಿಲಿಟ್ಟೆ, ದನಕ್ಕೆ ತಿಳಿಯದ ಹಾಗೆ.

ನಿನ್ನೆ ಅವಳ ಕೈ ಹಿಡಿದು ಇಳಿಸುವಾಗ ಕಂಡೆ:
ಗೊರಸು ಬೀಳದ ಮಣ್ಣಲ್ಲಿ
ಕಿರುಬೆರಳುದ್ದದ ಸಸಿ. ಎರಡೆಲೆ.
ಯಾವ ಹಕ್ಕಿ ಎಲ್ಲಿ ತಿಂದು ಇಲ್ಲಿ ಹಾಕಿತೋ,
ಆಲಿವೋ ವಾರ್ಕಾವೋ
ಇನ್ನೂ ಹೇಳಲು ಬರುವುದಿಲ್ಲ.